ಪಲ್ಲವಿಯ ಒಪ್ಪತ್ತು

ಹಸಿ ಸೋರೆಕಾಯಿ ರುಬ್ಬಿದಾಗ ಒಂದು ವಾಸನೆ ಬರುತ್ತದೆ. ಕೆಟ್ಟದ್ದೇನಲ್ಲ, ಆಗಷ್ಟೇ ಕೊಯ್ದ ಹುಲ್ಲಿನ ವಾಸನೆ, ಅಷ್ಟೇ. ಆದರೆ ಅದು ಮೂಗಿಗೆ ಬಡಿದರೆ ಈಗಲೂ ನಾನು ಮೂಗು ಮುಚ್ಚಿಕೊಳ್ಳುತ್ತೇನೆ. ಹೋದ ಭಾನುವಾರ ಯಾವುದೋ ಕೆಲಸಕ್ಕೆಂದು ದುರ್ಗಿಗುಡಿಗೆ ಹೋಗಿದ್ದೆ. ವಾಕಿಂಗ್ ಮುಗಿಸಿ ಬರುವವರಿಗಾಗಿ ಒಬ್ಬ ಪಕ್ಕದಂಗಡಿಯಿಂದ ವೈರ್ ಎಳೆದು, ತಳ್ಳುಗಾಡಿಯಲ್ಲಿ ಮಿಕ್ಸಿ ಇಟ್ಟುಕೊಂಡು ಸೋರೆಕಾಯಿ, ಹಾಗಲಕಾಯಿ, ಗರಿಕೆ ಜ್ಯೂಸ್ ಮಾರುತ್ತಿದ್ದ. "ತಗೊಳ್ಳಿ ಮೇಡಂ, ಒಂದ್ ತಿಂಗಳು ಕುಡೀರಿ, ಹೊಟ್ಟೆ ಕರಗಿಹೋಗುತ್ತೆ" ಎಂದ. "ನನ್ನ ಹೊಟ್ಟೆ ನಿಂಗೇನಪ್ಪಾ ಮಾಡ್ತು?" ಎಂದು ಕೇಳಿಬಿಟ್ಟೆ. ಅವನ ಮುಖ ಸಣ್ಣದಾಯಿತು. ನನ್ನ ನಾಲಿಗೆ ಒಳ್ಳೆಯದಲ್ಲ, ಗೊತ್ತು. ಕುಂಸಿಯಲ್ಲಿ ನಾನು ಪಾಠ ಮಾಡುವ ಮಕ್ಕಳೂ ಅದನ್ನೇ ಹೇಳುತ್ತಾರೆ. ಪಾಪ, ಅವನದೇನು ತಪ್ಪು, ಹೊಟ್ಟೆಪಾಡು. ಆದರೂ ಸ್ವಲ್ಪ ಮುಂದೆ ಹೋಗಿ ಒಂದು ಕಾಂಪೌಂಡ್ ಗೋಡೆ ಹಿಡಿದು ನಿಂತುಕೊಳ್ಳಬೇಕಾಯಿತು.

ಆ ಗೋಡೆಯ ಪಕ್ಕದ ಓಣಿಯಲ್ಲೇ ನಾವಿದ್ದ ಮನೆ. ಕೆಳಗೆ ಮನೆಯೊಡತಿ ಸರೋಜಮ್ಮ, ಮಹಡಿಯ ಕೋಣೆಯಲ್ಲಿ ನಾನು ಮತ್ತು ಪಲ್ಲವಿ. ಇಬ್ಬರೂ ಊರಿನ ಕಾಲೇಜೊಂದರಲ್ಲಿ ಎಂಎಸ್ಸಿ ಓದುತ್ತಿದ್ದೆವು, ರಸಾಯನಶಾಸ್ತ್ರ. ನಾನು ಓದಿನಲ್ಲಿ ಅಷ್ಟಕ್ಕಷ್ಟೇ, ಪಲ್ಲವಿ ಜಾಣೆ. ಭದ್ರಾವತಿಯವಳು. ಅವಳ ಅಪ್ಪ ಅಲ್ಲಿನ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾದವರು. ಅಮ್ಮ ಗಿರಿಜಮ್ಮ ಒಳ್ಳೆಯ ಅಡಿಗೆಯವರು ಎಂದು ಇಡೀ ಕ್ವಾರ್ಟರ್ಸ್ ಸಾಲಿಗೇ ಹೆಸರು. ಸೋಮವಾರ ಬೆಳಿಗ್ಗೆ ಪಲ್ಲವಿ ಊರಿಂದ ಬಂದಳೆಂದರೆ ಅವಳ ಚೀಲದಲ್ಲಿ ಕಡುಬು, ಕಾಯಿಚಟ್ನಿ, ಹಿಂದಿನ ದಿನದ ಹುಳಿ. ತಟ್ಟೆ ಹಾಕಿಕೊಂಡು ಕೂತರೆ ಅವಳಿಗೆ ಲೋಕ ಬೇಡ. "ತಿನ್ನುವಾಗ ಮಾತಾಡಿಸ್ಬೇಡ ಮಾರಾಯ್ತಿ" ಎನ್ನುತ್ತಿದ್ದಳು. ಸಂಜೆ ಮಸಾಲೆಪುರಿ ಗಾಡಿಯ ಮುಂದೆ ನಿಂತು ಸೂಪು ಇನ್ನಷ್ಟು ಹಾಕಿಸಿಕೊಂಡು ಕುಡಿದು, ಕಣ್ಣಲ್ಲಿ ನೀರು, ಮೂಗಲ್ಲಿ ನೀರು, ಆದರೂ ಬಿಡದ ಹುಡುಗಿ. ಆ ಪಲ್ಲವಿಯನ್ನು ನಾನು ಮೊದಲನೇ ವರ್ಷ ಪೂರ್ತಿ ನೋಡಿದ್ದೇನೆ. ಅದಕ್ಕೇ ಎರಡನೇ ವರ್ಷದ ಮಳೆಗಾಲ ನನಗೆ ಅಷ್ಟು ಉರಿಯುವುದು.

ಆಷಾಢ ಹಿಡಿಯುವ ಮುಂಚೆ, ಲಗ್ನಗಳ ಕೊನೆಯ ವಾರದಲ್ಲಿ, ಅವಳ ದೊಡ್ಡಪ್ಪನ ಮಗಳ ಮದುವೆಯಾಯಿತು. ನಾನೂ ಹೋಗಿದ್ದೆ. ಮೈಕೈ ತುಂಬಿಕೊಂಡಿದ್ದ ಪಲ್ಲವಿ ಮೊದಲ ಸಲ ರೇಷ್ಮೆ ಸೀರೆ ಉಟ್ಟಿದ್ದಳು. ಊಟದ ಪಂಕ್ತಿಯಲ್ಲಿ ಅವಳ ಸೋದರತ್ತೆ ಹೋಳಿಗೆ ಬಡಿಸುತ್ತಾ ಬಂದು, "ಏನೇ ಪಲ್ಲು, ಸೀರೆ ಉಟ್ರೆ ಮದುಮಗಳ ಅತ್ತೆ ಥರ ಕಾಣ್ತೀಯಲ್ಲೇ" ಎಂದು ಅವಳ ಎಲೆಗೆ ಇನ್ನೊಂದು ಹಾಕಿ ಮುಂದೆ ಹೋದರು. ಪಂಕ್ತಿಯಲ್ಲಿದ್ದವರೆಲ್ಲ ನಕ್ಕರು. ಅವಳೂ ನಕ್ಕಳು. ಹೋಳಿಗೆಯನ್ನೂ ತಿಂದಳು. ಅದೇ ಅವಳು ತಿಂದ ಕೊನೆಯ ಹೋಳಿಗೆ ಎಂದು ಆಗ ಯಾರಿಗೆ ಗೊತ್ತಿತ್ತು?

ದುರ್ಗಿಗುಡಿಗೆ ವಾಪಸು ಬಂದವಳು ಮೊದಲು ಬಿಟ್ಟಿದ್ದು ಕಾಫಿಯ ಸಕ್ಕರೆ. ಒಳ್ಳೆಯದೇ ಅಲ್ಲವೇ, ನಾನೂ ಬಿಟ್ಟೆ, ಒಂದು ವಾರದಲ್ಲಿ ಮತ್ತೆ ಹಿಡಿದೆ. ಅವಳು ಹಿಡಿಯಲಿಲ್ಲ. ಆಮೇಲೆ ಕಾಫಿಯೇ ಹೋಯಿತು. ಮೈದಾ ವಿಷ, ಬಿಳಿ ಅಕ್ಕಿ ವಿಷ, ಎಣ್ಣೆ ವಿಷ, ಹಾಲಿನಲ್ಲಿ ಏನೋ ಇಂಜೆಕ್ಷನ್. ಫೋನಿನ ವಿಡಿಯೋದಲ್ಲಿ ಒಬ್ಬಳು ಬಿಳೀ ಅಡಿಗೆಮನೆಯಲ್ಲಿ ನಿಂತು ದಿನಾ ಇದನ್ನೆಲ್ಲ ಹೇಳುತ್ತಿದ್ದಳು, ಪಲ್ಲವಿ ಅದನ್ನು ನನಗೆ ಪಾಠ ಒಪ್ಪಿಸುತ್ತಿದ್ದಳು. ತರಕಾರಿಯನ್ನು ಉಪ್ಪುನೀರಿನಲ್ಲಿ ನೆನೆಸಿ, ವಿನೆಗರ್‌ನಲ್ಲಿ ತೊಳೆದು, ಮತ್ತೆ ಕುದಿಸಿದ ನೀರಿನಲ್ಲಿ ತೊಳೆಯುತ್ತಿದ್ದಳು. ನಾನು ಮುಟ್ಟಿದ ಸೌತೆಕಾಯಿಯನ್ನು ಒಮ್ಮೆ ಬುಟ್ಟಿಗೆ ಎಸೆದಳು. "ನನ್ನ ಕೈಯಲ್ಲೇನು ಕುಷ್ಠ ಇದೆಯೇನೇ?" ಎಂದು ಕೂಗಾಡಿದೆ. "ಹಂಗಲ್ಲ ಕಣೇ, ಕ್ಲೀನ್ ಇಲ್ಲ ಅನ್ಸುತ್ತೆ, ಏನ್ಮಾಡ್ಲಿ" ಎಂದು ಅತ್ತಳು. ಬೆಳಿಗ್ಗೆ ನಾನು ಏಳುವ ಮೊದಲೇ ಮಿಕ್ಸಿ ಗುರ್ರೆನ್ನುತ್ತಿತ್ತು, ಮಧ್ಯಾಹ್ನಕ್ಕೆ ಉಪ್ಪಿಲ್ಲದೆ ಬೇಯಿಸಿದ ಒಂದು ಹಿಡಿ ಹೆಸರುಕಾಳು. ಹೊರಗೆ ಜಿಟಿಜಿಟಿ ಮಳೆ, ಒಣಗದ ಬಟ್ಟೆ, ಕೋಣೆಯ ತುಂಬ ಸೋರೆಕಾಯಿ ವಾಸನೆ.

ತೆಳ್ಳಗಾಗುತ್ತಿದ್ದಂತೆ ಕಾಲೇಜಿನಲ್ಲಿ ಮಾತ್ರ ಅವಳಿಗೆ ಹೊಗಳಿಕೆಯೋ ಹೊಗಳಿಕೆ. ಹಿಂದೆ ತಿರುಗಿ ನೋಡದ ಹುಡುಗರು ನೋಡತೊಡಗಿದರು. ಹುಡುಗಿಯರು "ಏನ್ ಮಾಡ್ದೆ, ನಂಗೂ ಹೇಳೇ" ಎಂದು ಸುತ್ತ ಸೇರುತ್ತಿದ್ದರು. ಒಬ್ಬ ಲೆಕ್ಚರರ್ ಕ್ಲಾಸಿನಲ್ಲೇ, "ಪಲ್ಲವಿಯನ್ನ ನೋಡಿ ಕಲೀರಿ, ಡಿಸಿಪ್ಲಿನ್ ಅಂದ್ರೆ ಇದು" ಎಂದರು. ಅವರ ಹೊಟ್ಟೆ ಮೇಜಿನ ಆಚೆಗೆ ಬಂದಿತ್ತು, ಅದು ಬೇರೆ ಮಾತು.

ಆಮೇಲೆ ಶ್ರಾವಣ ಬಂತು. ಸರೋಜಮ್ಮನ ಮನೆಯಲ್ಲಿ ಶ್ರಾವಣವೆಂದರೆ ದಿನಕ್ಕೊಂದು ಪೂಜೆ, ಮಡಿ, ನೈವೇದ್ಯ. ಮೊದಲ ಸೋಮವಾರ ಒಂದು ಲೋಟ ಪಾಯಸ ಹಿಡಿದುಕೊಂಡು ಮಹಡಿ ಹತ್ತಿ ಬಂದರು. ಪಲ್ಲವಿ ಕಣ್ಣು ಮಿಟುಕಿಸದೆ, "ಇವತ್ತು ನಂಗೆ ಒಪ್ಪತ್ತು ಆಂಟಿ" ಎಂದಳು. ನಾನು ಅವಳನ್ನೇ ನೋಡಿದೆ. ಹಿಂದಿನ ಶಿವರಾತ್ರಿಯಲ್ಲಿ ನನ್ನನ್ನೂ ಎಳೆದುಕೊಂಡು ಹೋಗಿ ಮಸಾಲೆದೋಸೆ ತಿಂದವಳು, ಇವಳಿಗೆ ದಿನಕ್ಕೆ ಒಂದೇ ಊಟದ ವ್ರತವಂತೆ. ಆದರೆ ಸರೋಜಮ್ಮನ ಮುಖ ಅರಳಿದ್ದು ನೋಡಬೇಕಿತ್ತು. "ಈಗಿನ ಕಾಲದಲ್ಲಿ ಯಾವ ಹುಡ್ಗಿ ಮಾಡ್ತಾಳಮ್ಮಾ ಇದನ್ನ! ಎಂಥಾ ಸಂಸ್ಕಾರ" ಎಂದು ಅವಳ ಹಣೆಗೆ ಕುಂಕುಮ ಇಟ್ಟು ಹೋದರು.

ಅವರು ಇಳಿದುಹೋದ ಮೇಲೆ, "ಯಾವ ದೇವ್ರಿಗೆ ಕಣೇ ಒಪ್ಪತ್ತು?" ಎಂದು ಕೇಳಿದೆ.

"ಹಂಗಂದ್ರೆ ಯಾರೂ ತಿನ್ನು ಅನ್ನಲ್ಲ ರೂಪಾ. ಆರಾಮಾಗಿರುತ್ತೆ."

ನಿಜವಾಗಿಯೂ ಹಾಗೇ ಆಯಿತು. ಸೋಮವಾರ ಶಿವನಿಗೆ, ಶುಕ್ರವಾರ ಲಕ್ಷ್ಮಿಗೆ, ಶನಿವಾರ ಹನುಮಂತನಿಗೆ, ನಡುವೆ ಏಕಾದಶಿ, ಸಂಕಷ್ಟಿ. ಒಂದೊಂದು ದೇವರ ಹೆಸರಿನಲ್ಲಿ ಒಂದೊಂದು ದಿನದ ಊಟ ಹೋಯಿತು. ಸರೋಜಮ್ಮನ ಮಡಿಗೂ ಇವಳ ಕ್ಲೀನ್‌ಗೂ ಚೆನ್ನಾಗಿ ಹೊಂದಿಕೊಂಡಿತು. ಕೆಳಗಿನ ಪೂಜೆಗೆಲ್ಲ ಅವಳೇ ಹೂ ಕಟ್ಟುವವಳು. ನಾನು ಗದರಿಸಿ ಒಂದು ದಿನ ಅನ್ನ ಕಲೆಸಿ ಬಾಯಿಗೆ ಹಿಡಿದಿದ್ದನ್ನು ಸರೋಜಮ್ಮ ನೋಡಿದರು. "ವ್ರತದವರನ್ನ ತಿನ್ನು ತಿನ್ನು ಅನ್ಬಾರ್ದು ಕಣಮ್ಮಾ. ಮುರಿಸಿದ ಪಾಪ ನಿಂಗೇ ಸುತ್ಕೊಳ್ಳುತ್ತೆ" ಎಂದು ನನಗೇ ಬುದ್ಧಿ ಹೇಳಿದರು. ಶ್ರಾವಣ ಮುಗಿದ ದಿನ ಓಣಿಯ ಹೆಂಗಸರನ್ನು ಅರಿಶಿನ ಕುಂಕುಮಕ್ಕೆ ಕರೆದು, "ಇಡೀ ತಿಂಗಳು ನಮ್ಮ ಪಲ್ಲವಿಗೆ ಒಂದು ದಿನವೂ ಹೊರಗೆ ಕೂರೋ ಹಂಗಾಗಿಲ್ಲ, ಒಂದು ಪೂಜೆನೂ ತಪ್ಪಿಲ್ಲ ನೋಡಿ. ದೇವೀನೇ ಕಾದಿದಾಳೆ" ಎಂದು ಹೊಗಳಿದರು. ಹೆಂಗಸರೆಲ್ಲ ಹೌದು ಹೌದು ಎಂದು ತಲೆಯಾಡಿಸಿದರು. ಮುಟ್ಟು ನಿಲ್ಲುವುದು ದೇವಿಯ ಕೃಪೆಯಂತೆ. ಮಕ್ಕಳನ್ನು ಹೆತ್ತ ಹೆಂಗಸರು ಅಷ್ಟೊಂದು ಜನ ಇದ್ದರು ಅಲ್ಲಿ, ಒಬ್ಬರಿಗೂ ಹೊಳೆಯಲಿಲ್ಲ.

ಆ ದಿನಗಳಲ್ಲೇ ನಮ್ಮ ಕ್ಲಾಸಿನವರೆಲ್ಲ ತ್ಯಾವರೆಕೊಪ್ಪಕ್ಕೆ ಸಫಾರಿಗೆ ಹೋಗಿದ್ದೆವು. ಸಿಂಹ ನೋಡಿ ಬಂದು ಮರದ ಕೆಳಗೆ ಪೇಪರ್ ಹಾಸಿ ಕೂತು ಚಿತ್ರಾನ್ನದ ಡಬ್ಬಿಗಳನ್ನು ಬಿಚ್ಚಿದೆವು. ಹುಡುಗರು ರೇಗಿಸಿ ರೇಗಿಸಿ ಪಲ್ಲವಿಗೆ ಒಂದು ತುತ್ತು ತಿನ್ನಿಸಿದರು. ನಗುನಗುತ್ತಲೇ ನುಂಗಿದಳು. ಆಮೇಲೆ ಮಳೆ ಹಿಡಿದು ಎಲ್ಲರೂ ಎದ್ದಾಗ ಅವಳು ಕಾಣಲಿಲ್ಲ. ಹುಡುಕಿಕೊಂಡು ಹೋದರೆ ಬಸ್ಸುಗಳು ನಿಲ್ಲುವ ಜಾಗದಲ್ಲಿ, ಸುರಿಯುವ ಮಳೆಯಲ್ಲಿ, ಸುತ್ತು ಹಾಕುತ್ತಾ ಓಡುತ್ತಿದ್ದಳು. ಒದ್ದೆಯಾದ ಚೂಡಿದಾರ ಬೆನ್ನಿಗಂಟಿ ಬೆನ್ನುಮೂಳೆ ಒಂದೊಂದೂ ಕಾಣುತ್ತಿತ್ತು. ಹಿಡಿದು ನಿಲ್ಲಿಸಿದೆ. "ಎಣ್ಣೆ ಇತ್ತು ಕಣೇ ಅದ್ರಲ್ಲಿ, ತುಂಬಾ ಎಣ್ಣೆ ಇತ್ತು" ಎನ್ನುತ್ತಾ ನಡುಗುತ್ತಿದ್ದಳು. ಅವತ್ತು ನನಗೆ ಮೊದಲ ಸಲ ಭಯವಾಯಿತು. ಇದು ತೆಳ್ಳಗಾಗುವ ಹಠವಲ್ಲ, ಇವಳು ನನ್ನ ಕೈತಪ್ಪಿ ಹೋಗುತ್ತಿದ್ದಾಳೆ ಎನ್ನಿಸಿತು.

ಗೌರಿಹಬ್ಬಕ್ಕೆ ಅವಳ ಜೊತೆ ಭದ್ರಾವತಿಗೆ ಹೋದೆ, ಹೇಳಿಬಿಡಬೇಕು ಎಂದೇ. ಗಿರಿಜಮ್ಮ ಒಲೆಯ ಮುಂದಿದ್ದರು. ಎಲ್ಲ ಹೇಳಿದೆ, ಮಳೆಯಲ್ಲಿ ಓಡಿದ್ದನ್ನೂ ಸೇರಿಸಿ. ಅವರು ಸೌಟು ಕೆಳಗಿಟ್ಟು ನನ್ನ ಕೈ ಹಿಡಿದುಕೊಂಡು ಮೆಲ್ಲಗೆ ಹೇಳಿದರು: "ನೀನು ಅವಳ ಮೇಲಿನ ಪ್ರೀತಿಗೆ ಹೇಳ್ತೀಯಾ, ನಂಗೊತ್ತು ರೂಪಾ. ಆದ್ರೆ ದೇವ್ರ ಕೆಲ್ಸಕ್ಕೆ ಅಡ್ಡ ಬರಬಾರ್ದು. ವ್ರತದ ಫಲಾನೇ ಇರ್ಬೇಕು, ದಾವಣಗೆರೆಯಿಂದ ಸಂಬಂಧ ಬಂದಿದೆ. ಹುಡ್ಗ ಎಂಜಿನಿಯರು. ಫೋಟೋ ನೋಡೇ ಒಪ್ಪಿದಾರೆ." ಪಲ್ಲವಿಯ ಅಪ್ಪ ಹೊರಗೆ ಕುರ್ಚಿಯಲ್ಲಿ ಕೂತು ಬಂದವರಿಗೆಲ್ಲ ಆ ಫೋಟೋವನ್ನೇ ತೋರಿಸುತ್ತಿದ್ದರು. ಮಾತು ಕಡಿಮೆಯ ಮನುಷ್ಯ. ಮಗಳೆಂದರೆ ಪ್ರಾಣ. ಅವತ್ತು ಅವರಷ್ಟು ಖುಷಿಯಾಗಿದ್ದವರು ಆ ಬೀದಿಯಲ್ಲಿ ಇನ್ನೊಬ್ಬರಿರಲಿಲ್ಲ.

ಪಕ್ಕದ ತಮಿಳರ ಮನೆಯ ಸೆಲ್ವಿ ಅಕ್ಕ ಒಬ್ಬರೇ, ಬಾಗಿನ ತಗೊಳ್ಳಲು ಬಂದವರು ಪಲ್ಲವಿಯ ಮಣಿಕಟ್ಟು ಹಿಡಿದು ನೋಡಿ, "ಏನಮ್ಮಾ ಪಾಪಾ, ಕೈ ಹಿಂಗೆ ಕಡ್ಡಿ ಆಗೋಗಿದೆ? ಸೋರು, ಅನ್ನ ತಿಂತೀಯಾ ಇಲ್ವಾ?" ಎಂದು ಕೇಳಿದರು. ಅವಳನ್ನು ಕಂಕುಳಲ್ಲಿಟ್ಟುಕೊಂಡು ಅನ್ನ ತಿನ್ನಿಸಿದವರು ಅವರು. "ಅವಳಿಗೆ ಉಪವಾಸ ಸೆಲ್ವಿ" ಎಂದರು ಗಿರಿಜಮ್ಮ, ಹೆಮ್ಮೆಯಿಂದ. ಸೆಲ್ವಿ ಅಕ್ಕ ಅವಳ ಕೈ ಬಿಟ್ಟು, ಬಾಗಿನ ತಗೊಂಡು ಹೊರಟರು. ದೇವರ ವಿಷಯ, ಯಾರು ಬಾಯಿ ಹಾಕುತ್ತಾರೆ?

ನವರಾತ್ರಿ ಶುರುವಾಗುತ್ತಿದ್ದಂತೆ ಅವಳು ಊಟವನ್ನೇ ಬಿಟ್ಟಳು. ಹಣ್ಣು, ನೀರು, ಅಷ್ಟೇ. ನಾಲ್ಕೈದು ದಿನ ಕಳೆದಿರಬೇಕು, ಲ್ಯಾಬಿನಲ್ಲಿ ಗಾಜಿನ ಕೊಳವೆ ಕೈಯಲ್ಲಿ ಹಿಡಿದುಕೊಂಡೇ ಕುಸಿದುಬಿದ್ದಳು. ಆಸ್ಪತ್ರೆಗೆ ಎತ್ತಿಕೊಂಡು ಹೋಗುವಾಗ ಅಟೆಂಡರ್, "ಇದೇನ್ರೀ, ಮಗು ಎತ್ಕೊಂಡಂಗಿದೆ" ಎಂದ. ಭದ್ರಾವತಿಯಿಂದ ಅಪ್ಪ ಅಮ್ಮ ಓಡಿ ಬಂದರು. ಸರೋಜಮ್ಮನೂ ಕುಂಕುಮದ ಪ್ರಸಾದ ಹಿಡಿದು ಬಂದರು. ಡಾಕ್ಟರು ನಡುವಯಸ್ಸಿನ ಹೆಂಗಸು, ಬೆಳಗಿಂದ ಕೂತಿಲ್ಲವೇನೋ ಎನ್ನುವಷ್ಟು ಸುಸ್ತಾಗಿದ್ದರು.

"ಮುಟ್ಟಾಗಿ ಎಷ್ಟು ತಿಂಗಳಾಯ್ತಮ್ಮಾ?" ಎಂದು ಕೇಳಿದರು.

ಪಲ್ಲವಿ ಗೋಡೆಯ ಕಡೆ ತಿರುಗಿದಳು. "ಆಷಾಢದಿಂದ ಇಲ್ಲ" ಎಂದೆ ನಾನು. ಸರೋಜಮ್ಮ ಕೈಯಲ್ಲಿದ್ದ ಪ್ರಸಾದವನ್ನು ಮೆಲ್ಲಗೆ ಸೆರಗಿನ ಗಂಟಿಗೆ ಸೇರಿಸಿಕೊಂಡು ಹೊರಗೆ ಹೋಗಿ ಬೆಂಚಿನ ಮೇಲೆ ಕೂತರು. ಆಮೇಲೆ ಅವರು ಯಾರ ಮುಂದೆಯೂ ಪಲ್ಲವಿಯ ವ್ರತದ ಮಾತೆತ್ತಿದ್ದನ್ನು ನಾನು ಕೇಳಿಲ್ಲ.

ಡಾಕ್ಟರು ಪಲ್ಲವಿಯ ಅಪ್ಪನಿಗೆ ನೇರವಾಗಿಯೇ ಹೇಳಿದರು. "ನೋಡಿ, ಇದು ವ್ರತ ಅಲ್ಲ, ಕಾಯಿಲೆ. ರಕ್ತದಲ್ಲಿ ಇರಬೇಕಾದ್ದು ಯಾವುದೂ ಇಲ್ಲ. ಹೃದಯ ನಿಧಾನವಾಗಿ ಹೊಡ್ಕೊಳ್ತಿದೆ. ಡ್ರಿಪ್ ಹಾಕಿ ಎಬ್ಬಿಸಿ ಕೂರಿಸ್ತೀವಿ. ಆದ್ರೆ ತಿನ್ನೋಕೆ ಯಾಕೆ ಹೆದರ್ತಾಳೆ ಅನ್ನೋದನ್ನ ಮನೋವೈದ್ಯರೇ ನೋಡ್ಬೇಕು. ತಡ ಮಾಡ್ಬೇಡಿ. ಜೀವಕ್ಕೇ ಕಷ್ಟ ಇದೆ."

"ಅಂದ್ರೆ ನನ್ನ ಮಗಳಿಗೆ ಹುಚ್ಚು ಅಂತೀರಾ?" ಎಂದರು ಅವರು.

ಡಾಕ್ಟರು ಎಷ್ಟು ಹೇಳಿದರೂ ಆ ಒಂದು ಮಾತು ಅವರ ಕಿವಿಯಿಂದ ಇಳಿಯಲಿಲ್ಲ. ದಾವಣಗೆರೆಯವರಿಗೆ ತಿಳಿದರೆ? ಹುಚ್ಚಾಸ್ಪತ್ರೆಗೆ ಹೋದ ಹುಡುಗಿ ಎಂದು ಒಮ್ಮೆ ಹೆಸರು ಬಿದ್ದರೆ? ಒಂದೆರಡು ದಿನ ಡ್ರಿಪ್ ಏರಿಸಿಕೊಂಡು, ತಮ್ಮ ಜವಾಬ್ದಾರಿಯೆಂದು ಸಹಿ ಮಾಡಿ ಮಗಳನ್ನು ಭದ್ರಾವತಿಗೆ ಕರೆದುಕೊಂಡು ಹೋದರು. ನಾನು ಆಸ್ಪತ್ರೆಯ ಗೇಟಿನಲ್ಲಿ ನಿಂತು ಅವರ ಜೊತೆ ಜಗಳವಾಡಿದೆ. ನನ್ನ ಅಪ್ಪನ ವಯಸ್ಸಿನವರು. "ನಿಮಗೆ ಮಗಳು ಬೇಕೋ, ಅಳಿಯ ಬೇಕೋ?" ಎಂದೆ. ಅವರು ಮಗಳನ್ನು ಆಟೋ ಹತ್ತಿಸಿ ತಾವೂ ಹತ್ತಿದರು.

ದೀಪಾವಳಿಗೆ ಒಂದು ವಾರವಿದ್ದಾಗ ಮತ್ತೆ ಹೋದೆ. ಮಳೆ ನಿಂತಿತ್ತು. ಪಲ್ಲವಿ ಹಿತ್ತಿಲ ಬಾಗಿಲಲ್ಲಿ ಬಿಸಿಲಿಗೆ ಕೂತಿದ್ದಳು, ಆ ಬಿಸಿಲಲ್ಲೂ ಸ್ವೆಟರ್. ತಲೆಗೂದಲು ತೆಳುವಾಗಿ ನೆತ್ತಿ ಕಾಣುತ್ತಿತ್ತು. ಮುಂದೆ ತಟ್ಟೆಯಲ್ಲಿ ಮೊಸರನ್ನ, ಅದು ಆಗಲೇ ಒಣಗಿತ್ತು.

"ಬೈಬೇಡ ಕಣೇ" ಎಂದಳು, ನಾನು ಬಾಯಿ ತೆಗೆಯುವ ಮೊದಲೇ.

"ಬೈಯಲ್ಲ. ಹೇಳು."

"ತಿನ್ಬೇಕು ಅಂತಾನೇ ಕೂರ್ತೀನಿ ರೂಪಾ. ನಿಜವಾಗ್ಲೂ. ತುತ್ತು ಎತ್ತಿದ್ ಕೂಡ್ಲೇ ಎದೆ ಡವಡವ ಅನ್ನುತ್ತೆ. ಹಾವು ಹಿಡ್ಕೊಂಡಂಗೆ ಆಗುತ್ತೆ. ಮೊದ್ಲು ನಾನೇ ಬೇಡ ಅಂತಿದ್ದೆ. ಈಗ ನಂಗೆ ಬೇಕು, ಆದ್ರೂ ಆಗ್ತಿಲ್ಲ." ತಟ್ಟೆಯನ್ನು ಪಕ್ಕಕ್ಕೆ ಸರಿಸಿ, "ಆ ಡಾಕ್ಟ್ರ ಹತ್ರ ಹೋಗ್ತೀನಿ. ಅಪ್ಪಂಗೆ ನೀನೇ ಹೇಳು. ಹುಚ್ಚಿ ಅಂದ್ರೆ ಅನ್ಲಿ. ನಂಗೆ ಮುಂಚಿನ ಥರ ಊಟ ಮಾಡ್ಬೇಕು" ಎಂದಳು.

ಬಾಗಿಲ ಹಿಂದೆ ಗಿರಿಜಮ್ಮ ನಿಂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು. ನಾನು ಹೇಳಬೇಕಾಗಿಯೇ ಬರಲಿಲ್ಲ. ಅವರೇ ಹೊರಗೆ ಹೋಗಿ ಗಂಡನ ಮುಂದೆ ನಿಂತು, "ಸಂಬಂಧ ಹೋದ್ರೆ ಹೋಗ್ಲಿ ರೀ. ಅವಳು ಬದುಕಿದ್ರೆ ಸಾಕು. ಕರ್ಕೊಂಡ್ ಹೋಗೋಣ" ಎಂದರು. ಜೀವಮಾನದಲ್ಲಿ ಗಂಡನಿಗೆ ಎದುರು ಮಾತಾಡಿದವರಲ್ಲ. ಪಲ್ಲವಿಯ ಅಪ್ಪ ತಲೆ ತಗ್ಗಿಸಿ ಕೂತಿದ್ದರು. ಆಮೇಲೆ ಮುಖ ಎತ್ತಿ, "ಹಬ್ಬದ್ ಹೊತ್ತಲ್ಲಿ ಹೆಣ್ಮಗಳನ್ನ ಮನೆಯಿಂದ ಆಸ್ಪತ್ರೆಗೆ ಕಳಿಸ್ಬಾರ್ದು. ಹಬ್ಬ ಕಳೀಲಿ. ಮಾರನೇ ದಿನಾನೇ ಹೊರಡೋಣ" ಎಂದರು. ಒಪ್ಪಿದರಲ್ಲ, ಅದೇ ದೊಡ್ಡದು ಎನ್ನಿಸಿತು. ಬಸ್ಸಿನಲ್ಲಿ ಬರುವಾಗ ಮಳೆಗಾಲ ಶುರುವಾದ ಮೇಲೆ ಮೊದಲ ಸಲ ನನಗೆ ಮನಸ್ಸು ಹಗುರವಾಗಿತ್ತು. ಅವಳ ಜೊತೆ ಆಸ್ಪತ್ರೆಯಲ್ಲಿ ಇರಲು ರಜೆ ಹೇಗೆ ಕೇಳುವುದೆಂದು ಯೋಚಿಸುತ್ತಾ ಬಂದೆ.

ಬಲಿಪಾಡ್ಯಮಿಯ ಮಧ್ಯಾಹ್ನ ಸೆಲ್ವಿ ಅಕ್ಕ ಫೋನ್ ಮಾಡಿದರು. "ರೂಪಾ, ನಮ್ಮ ಪಾಪಾ ಹೋಗ್ಬಿಟ್ಟಳಮ್ಮಾ." ಎಣ್ಣೆನೀರು ಹಾಕಿಸಿಕೊಂಡು, ಹೊಸ ಬಟ್ಟೆ ಹಾಕಿಕೊಂಡು, ಜಗಲಿಯಲ್ಲಿ ಕೂತು ತಲೆ ಒಣಗಿಸಿಕೊಳ್ಳುತ್ತಿದ್ದಳಂತೆ. ಅಮ್ಮ ಬಾಚಣಿಗೆ ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಕಂಬಕ್ಕೆ ಒರಗಿದ್ದಳಂತೆ. ನಿದ್ದೆ ಬಂದಿದೆ ಎಂದುಕೊಂಡರಂತೆ. ಹೃದಯ ನಿಂತುಹೋಗಿತ್ತು. ಓಣಿಯ ತುಂಬ ಪಟಾಕಿ ಸದ್ದು. ಫೋನಿನಲ್ಲಿ ಅವರೇನು ಹೇಳಿದರೆಂದು ನಾನು ಮತ್ತೆ ಮತ್ತೆ ಕೇಳಬೇಕಾಯಿತು.

ನಮ್ಮ ಕಡೆ ಮಣ್ಣಾದ ಮೂರನೇ ದಿನಕ್ಕೆ ಹಾಲುತುಪ್ಪ ಬಿಡುತ್ತಾರೆ. ಹೂಳಿದ ಜಾಗಕ್ಕೆ ಮನೆಮಂದಿಯೆಲ್ಲ ಹೋಗಿ, ಸತ್ತವರಿಗೆ ಇಷ್ಟವಾದದ್ದನ್ನು ಎಲೆಯಲ್ಲಿ ಬಡಿಸಿ, ಮಣ್ಣಿನ ಮೇಲೆ ಹಾಲು ಎರೆದು ತುಪ್ಪ ಸುರಿಯುತ್ತಾರೆ. ನಾನೂ ಹೋದೆ. ಹೊಳೆಯ ಕಡೆಯಿಂದ ಗಾಳಿ ಬೀಸುತ್ತಿತ್ತು. ಸೋದರತ್ತೆ ಕಡುಬು ಮಾಡಿ ತಂದಿದ್ದರು, ಎಲೆಗೆ ಹಾಕುತ್ತಾ ಬಿಕ್ಕಿಬಿಕ್ಕಿ ಅಳುತ್ತಿದ್ದರು. ಗಿರಿಜಮ್ಮ ಅಳಲಿಲ್ಲ. ಸೆರಗಿನಡಿಯಿಂದ ಒಂದು ಪುಟ್ಟ ಡಬ್ಬಿ ತೆಗೆದು ಬೇಯಿಸಿದ ಹೆಸರುಕಾಳನ್ನು ಎಲೆಯ ನಡುವೆ ಇಟ್ಟರು. ಯಾರೋ ಹಿರಿಯರು, "ಇದಕ್ಕೆ ಉಪ್ಪು, ಒಗ್ಗರಣೆ ಏನೂ ಇಲ್ವಲ್ಲಮ್ಮಾ" ಎಂದರು. "ಅವಳು ತಿನ್ನೋದು ಹಿಂಗೇ" ಎಂದರು ಗಿರಿಜಮ್ಮ.

ಹಾಲು ಬಿಟ್ಟಾಯಿತು. ಪಲ್ಲವಿಯ ಅಪ್ಪ ತುಪ್ಪದ ಬಟ್ಟಲು ಎತ್ತಿದರು. ಗಿರಿಜಮ್ಮ ಮುಂದೆ ಬಂದು ಅವರ ಕೈ ಹಿಡಿದರು.

"ಒಂದು ಚಮಚ ಸಾಕು ರೀ. ಜಾಸ್ತಿ ಹಾಕಿದ್ರೆ ಅವಳು ಮುಟ್ಟಲ್ಲ."

ಶಾಸ್ತ್ರ ಹಾಗಲ್ಲ, ಬಟ್ಟಲು ಪೂರ್ತಿ ಸುರಿಯಬೇಕು. ಪಲ್ಲವಿಯ ಅಪ್ಪ ಹೆಂಡತಿಯನ್ನು ನೋಡಿದರು. ಆಮೇಲೆ ಬಟ್ಟಲು ಕೆಳಗಿಟ್ಟು, ಚಮಚ ಇಸಿದುಕೊಂಡು, ಮೊಣಕಾಲೂರಿ ಕೂತರು. ಚಮಚದಲ್ಲಿ ತುಪ್ಪ ತೆಗೆದು, ತುಂಬಿದ್ದರಲ್ಲಿ ಸ್ವಲ್ಪವನ್ನು ಮತ್ತೆ ಬಟ್ಟಲಿಗೇ ಬಿಟ್ಟು, ಹಸಿಮಣ್ಣಿನ ಹತ್ತಿರ ಹಿಡಿದು ತೋರಿಸಿದರು.

"ಇಷ್ಟು ಹಾಕ್ಲಾ ಮಗಳೇ?" ಎಂದು ಕೇಳಿದರು. ಕೇಳಿ, ಚಮಚ ಹಾಗೇ ಹಿಡಿದುಕೊಂಡು ಕೂತರು.